ಅಭಿಮಾನಿಗಳ ಸಂತೆಯಲ್ಲಿ ಮೊದಲ ಬೋಣಿ: ಟೋಕಿಯೊದ ಕಾಮಿಕ್ ಮಾರ್ಕೆಟ್ ಮತ್ತು ಸಣ್ಣ ಉದ್ಯಮ

ಸಂತೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದವಸ ಧಾನ್ಯ, ತರಕಾರಿ, ದನಕರು, ಬಟ್ಟೆಬರೆ. ಜಪಾನಿನ ರಾಜಧಾನಿ ಟೋಕಿಯೊದಲ್ಲಿ ವರ್ಷಕ್ಕೆ ಎರಡು ಬಾರಿ, ಆಗಸ್ಟ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ನೆರೆಯುವ ಒಂದು ಸಂತೆಯ ಮುಖ್ಯ ಸರಕು ಬೇರೆಯೇ ಬಗೆಯದು. ಅಭಿಮಾನಿಗಳು ತಾವೇ ಬರೆದು, ತಾವೇ ಚಿತ್ರಿಸಿ, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ ತೆಳು ಪುಸ್ತಕಗಳೇ ಅಲ್ಲಿನ ಸರಕು. ಇವುಗಳಿಗೆ ಜಪಾನೀ ಭಾಷೆಯಲ್ಲಿ 'ದೋಜಿನ್‌ಶಿ' ಎಂದು ಹೆಸರು. ಸಂತೆಯ ಹೆಸರು 'ಕಾಮಿಕ್ ಮಾರ್ಕೆಟ್', ಬಳಕೆಯಲ್ಲಿ 'ಕಾಮಿಕೆಟ್'. 1975ರಲ್ಲಿ ಆರಂಭವಾದ ಇದು 2025ರ ಡಿಸೆಂಬರ್‌ಗೆ ಐವತ್ತು ವರ್ಷಗಳನ್ನು ಪೂರೈಸಿತು. 2019ರ ಬೇಸಿಗೆಯಲ್ಲಿ ನಾಲ್ಕು ದಿನಗಳ ಕಾಲ ನಡೆದ ಸಂತೆಗೆ ಭೇಟಿ ನೀಡಿದವರ ಒಟ್ಟು ಸಂಖ್ಯೆ 7.3 ಲಕ್ಷ ಎಂದು ದಾಖಲಾಗಿದೆ.

ಕಾರ್ಟೂನು ಪುಸ್ತಕಗಳ ಸಂತೆಯ ವಿಷಯ ವಾಣಿಜ್ಯ ಸಂಸ್ಥೆಯ ಪತ್ರಿಕೆಯಲ್ಲಿ ಏಕೆ ಎಂಬ ಪ್ರಶ್ನೆ ಸದಸ್ಯ ಬಾಂಧವರಲ್ಲಿ ಏಳುವುದು ಸಹಜ. ಕಾರಣಗಳು ಮೂರು. ಮೊದಲನೆಯದಾಗಿ, ಜಪಾನಿನ ಮಾಂಗಾ ಚಿತ್ರಕಥೆಗಳು ಹಾಗೂ ಅನಿಮೆ ಚಲನಚಿತ್ರಗಳ ಅಭಿಮಾನ ಇಂದು ನಮ್ಮ ಮನೆಗಳ ಹದಿಹರೆಯದ ಮಕ್ಕಳಲ್ಲೂ ಬೇರೂರಿದ್ದು, ಅದರ ಬೆನ್ನಿಗೇ ಟೀ ಶರ್ಟು, ಕೀಲಿ ಗೊಂಚಲು, ಪೋಸ್ಟರು, ಸ್ಟಿಕ್ಕರುಗಳ ಬೇಡಿಕೆಯೂ ಬಂದಿದೆ. ಎರಡನೆಯದಾಗಿ, ಈ ಅಭಿಮಾನದ ಆಧಾರದ ಮೇಲೆ ಜಪಾನಿನಲ್ಲಿ ಸಣ್ಣ ಮುದ್ರಣಾಲಯಗಳ ಒಂದು ಸಮೂಹವೇ ಬೆಳೆದು ನಿಂತಿದೆ. ಮೂರನೆಯದಾಗಿ, ಬೇರೆಯವರ ಸೃಷ್ಟಿಯ ಚಿತ್ರವನ್ನು ತನ್ನ ಸರಕಿನ ಮೇಲೆ ಅಚ್ಚು ಹಾಕುವ ಉತ್ಪಾದಕನು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯನ್ನು ಆ ಸಂತೆಯು ಅರ್ಧ ಶತಮಾನದಿಂದ ಎದುರಿಸುತ್ತ ಬಂದಿದೆ. ನಮ್ಮಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಕಂಡುಕೊಂಡವನು ಸೆರೆವಾಸವನ್ನೂ ಅನುಭವಿಸಬೇಕಾದೀತು.

ನಿರಾಕರಣೆಯಿಂದ ಹುಟ್ಟಿದ ಸಂತೆ

1970ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಮಾಂಗಾ ಅಭಿಮಾನಿಗಳು ಒಟ್ಟುಗೂಡಲು 'ಮಾಂಗಾ ತೈಕೈ' ಎಂಬ ಸಮ್ಮೇಳನವೊಂದು ನಡೆಯುತ್ತಿತ್ತು. 1975ರಲ್ಲಿ ಆ ಸಮ್ಮೇಳನದ ನಡಾವಳಿಯನ್ನು ಟೀಕಿಸಿದ ಅಭಿಮಾನಿ ಯುವತಿಯೊಬ್ಬಳಿಗೆ ಭಾಗವಹಿಸುವ ಅವಕಾಶವನ್ನು ನಿರಾಕರಿಸಲಾಯಿತು. ಇದನ್ನು ಪ್ರತಿಭಟಿಸಿದವರಲ್ಲಿ 'ಮೇಕ್ಯೂ' ಎಂಬ ವಿಮರ್ಶಕರ ಬಳಗ ಮುಖ್ಯವಾದುದು. ಯೋಶಿಹಿರೊ ಯೋನೆಜಾವಾ ಮೊದಲಾದ ಯುವಕರಿದ್ದ ಈ ಬಳಗವು ಪ್ರತಿಭಟನೆಯಲ್ಲಿಯೇ ನಿಲ್ಲದೆ, ಯಾರನ್ನೂ ಬಾಗಿಲಲ್ಲಿ ತಡೆಯದ ಬೇರೊಂದು ಕೂಟವನ್ನು ತಾನೇ ಕಟ್ಟಲು ನಿರ್ಧರಿಸಿತು.

1975ರ ಡಿಸೆಂಬರ್ 21ರಂದು ಟೋಕಿಯೊದ ತೊರಾನೊಮೊನ್ ಪ್ರದೇಶದ ಸಭಾಂಗಣವೊಂದರಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆಯಿತು. ಪುಸ್ತಕ ಮಾರಲು ಬಂದ ಬಳಗಗಳು 32. ಬಂದ ಜನ ಸುಮಾರು 700. ಅವರಲ್ಲಿ ಬಹುಪಾಲು ಮಾಧ್ಯಮಿಕ ಶಾಲೆ ಮತ್ತು ಪ್ರೌಢಶಾಲೆಗಳ ವಿದ್ಯಾರ್ಥಿನಿಯರು. ಹುಡುಗಿಯರಿಗಾಗಿಯೇ ಬರುತ್ತಿದ್ದ 'ಶೋಜೊ ಮಾಂಗಾ' ಪ್ರಕಾರದ ಕಟ್ಟಾ ಅಭಿಮಾನಿಗಳು ಇವರು. ಆ ದಿನ ಸಭಾಂಗಣಕ್ಕೆ ಕಾಲಿಟ್ಟ ಪ್ರತಿಯೊಬ್ಬ ಹುಡುಗಿಗೂ ಅದು ಇಂಥ ಕೂಟದ ಮೊದಲ ಅನುಭವವೇ ಆಗಿತ್ತು. ಏಕೆಂದರೆ ಇಂಥ ಸಂತೆಯೇ ಅದಕ್ಕೆ ಮುಂಚೆ ಇರಲಿಲ್ಲ. ಇಂದು ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ ಅಭಿಮಾನಿಗಳ ಮಾರುಕಟ್ಟೆಗೆ ಬುನಾದಿ ಹಾಕಿದವರಲ್ಲಿ ಹದಿನೈದು ಹದಿನಾರರ ಹರೆಯದ ಈ ಹೆಣ್ಣುಮಕ್ಕಳ ಪಾಲು ದೊಡ್ಡದೆಂಬುದನ್ನು ಮರೆಯಲಾಗದು.

ಯೋನೆಜಾವಾ ಅವರು 1980ರಿಂದ 2006ರಲ್ಲಿ ತಮ್ಮ 53ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಸಂತೆಯ ಮುಖ್ಯಸ್ಥರಾಗಿದ್ದರು. ಅವರ ಸಂಗ್ರಹವನ್ನು ಆಧರಿಸಿದ ಸ್ಮಾರಕ ಗ್ರಂಥಾಲಯವೊಂದನ್ನು ಮೇಜಿ ವಿಶ್ವವಿದ್ಯಾಲಯವು 2009ರಲ್ಲಿ ಟೋಕಿಯೊದಲ್ಲಿ ತೆರೆಯಿತು.

ಗಿರಾಕಿ ಯಾರೆಂಬ ಲೆಕ್ಕ

ಅಭಿಮಾನಿಗೂ ಸರಕಿಗೂ ಇರುವ ನಂಟು ಜಪಾನಿನ ಉದ್ಯಮಕ್ಕೆ ಹೊಸತಲ್ಲ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ 'ಆಸ್ಟ್ರೊ ಬಾಯ್' ದೂರದರ್ಶನದಲ್ಲಿ ಆರಂಭವಾದಾಗ, ಪ್ರಾಯೋಜಕರಾಗಿದ್ದ ಮೇಜಿ ಕಂಪನಿಯು ತನ್ನ ಚಾಕೊಲೇಟಿನೊಂದಿಗೆ ಆ ಪಾತ್ರದ ಸ್ಟಿಕ್ಕರುಗಳನ್ನು ನೀಡಿತು, ಮಕ್ಕಳು ಮುಗಿಬಿದ್ದರು. ಕಥೆಯ ಪ್ರಸಾರದಿಂದ ಬರುವ ಹಣಕ್ಕಿಂತ ಪಾತ್ರದ ಚಿತ್ರವನ್ನು ಬಳಸಲು ನೀಡುವ ಪರವಾನಗಿಯಿಂದಲೇ ಉದ್ಯಮ ನಡೆಸಬಹುದೆಂಬ ದಾರಿ ಅಂದಿನಿಂದ ತೆರೆಯಿತು.

ಆದರೆ ನಿಜವಾದ ಗಿರಾಕಿ ಯಾರೆಂಬುದನ್ನು ಅರಿಯುವುದು ಅಷ್ಟು ಸುಲಭವಲ್ಲವೆಂಬುದಕ್ಕೆ 'ಮೊಬೈಲ್ ಸೂಟ್ ಗುಂಡಮ್' ಧಾರಾವಾಹಿಯೇ ನಿದರ್ಶನ. 1979ರ ಏಪ್ರಿಲ್‌ನಲ್ಲಿ ಆರಂಭವಾದ ಈ ಧಾರಾವಾಹಿಯ ಪ್ರಾಯೋಜಕರು ಕ್ಲೋವರ್ ಎಂಬ ಆಟಿಕೆ ಕಂಪನಿ. ಅವರು ಸಿದ್ಧಪಡಿಸಿದ ಆಟಿಕೆಗಳು ಚಿಕ್ಕ ಮಕ್ಕಳಿಗೆಂದು ಇದ್ದವು. ಕಥೆಯನ್ನು ತನ್ಮಯರಾಗಿ ನೋಡುತ್ತಿದ್ದವರಾದರೋ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು. ವೀಕ್ಷಕರ ಸಂಖ್ಯೆ ಏರಲಿಲ್ಲ, ಆಟಿಕೆಗಳ ಮಾರಾಟವೂ ನಿರೀಕ್ಷೆಯನ್ನು ಮುಟ್ಟಲಿಲ್ಲ. 52 ಕಂತುಗಳಿಗೆ ಯೋಜಿಸಿದ್ದ ಕಥೆಯನ್ನು 43 ಕಂತುಗಳಿಗೆ ಮೊಟಕುಗೊಳಿಸಿ 1980ರ ಜನವರಿಯಲ್ಲಿ ಮುಗಿಸಲಾಯಿತು.

ಅದೇ ವರ್ಷದ ಜುಲೈನಲ್ಲಿ ಬಂಡಾಯ್ ಕಂಪನಿಯು ಅದೇ ಯಂತ್ರಮಾನವನ ಪ್ಲಾಸ್ಟಿಕ್ ಮಾದರಿಯನ್ನು ಬಿಡಿಭಾಗಗಳ ರೂಪದಲ್ಲಿ, 300 ಯೆನ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ಕೊಂಡವರು ತಾವೇ ಕತ್ತರಿಸಿ, ಜೋಡಿಸಿ, ಬಣ್ಣ ಬಳಿಯಬೇಕು. ದೊಡ್ಡ ಹುಡುಗರು ಬಯಸಿದ್ದು ಇದನ್ನೇ. ಈ ಮಾದರಿಗಳ ವ್ಯಾಪಾರ ಇಂದಿಗೂ ನಡೆದಿದೆ. ಬಂಡಾಯ್ ಕಂಪನಿ ಇದಕ್ಕಾಗಿಯೇ ಶಿಜುವೊಕಾ ನಗರದಲ್ಲಿ 2006ರಲ್ಲಿ ಕಾರ್ಖಾನೆಯೊಂದನ್ನು ತೆರೆಯಿತು. ಕ್ಲೋವರ್ ಕಂಪನಿಯಾದರೋ 1983ರಲ್ಲಿ ದಿವಾಳಿಯಾಯಿತು. ಕಥೆ ಒಂದೇ, ಪಾತ್ರ ಒಂದೇ. ಯಾರು ಕೊಳ್ಳುತ್ತಾರೆ ಮತ್ತು ಕೊಂಡವರು ಅದರೊಂದಿಗೆ ಏನು ಮಾಡಬಯಸುತ್ತಾರೆ ಎಂಬ ತಿಳಿವಳಿಕೆಯಲ್ಲಿ ಮಾತ್ರ ವ್ಯತ್ಯಾಸವಿತ್ತು.

ಸಂತೆಯ ಕಟ್ಟುಪಾಡುಗಳು

ಕಾಮಿಕೆಟ್ 1996ರಿಂದ ಟೋಕಿಯೊ ಕೊಲ್ಲಿಯ ದಂಡೆಯಲ್ಲಿರುವ 'ಬಿಗ್ ಸೈಟ್' ಎಂಬ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುತ್ತಿದೆ. ಕೊರೊನಾ ಪಿಡುಗಿಗೆ ಮುಂಚಿನ ವರ್ಷಗಳಲ್ಲಿ ಪ್ರತಿ ಬಾರಿಯೂ ಸುಮಾರು 35,000 ಬಳಗಗಳು ಇಲ್ಲಿ ಮಳಿಗೆ ಹಾಕುತ್ತಿದ್ದವು. ಅರ್ಜಿಗಳು ಇದಕ್ಕಿಂತ ಹೆಚ್ಚು ಬರುತ್ತಿದ್ದುದರಿಂದ ಚೀಟಿ ಎತ್ತಿ ಆಯ್ಕೆ ಮಾಡುವ ಪದ್ಧತಿ ಬೆಳೆದುಬಂದಿದೆ. ಮಳಿಗೆ ಎಂದರೆ ಹೆಚ್ಚೇನಲ್ಲ: ಒಂದು ಉದ್ದನೆಯ ಮೇಜಿನ ಅರ್ಧ ಭಾಗ, ಅಂದರೆ ಅಡ್ಡಗಲ 90 ಸೆಂಟಿಮೀಟರ್, ಮತ್ತು ಮಡಚುವ ಕುರ್ಚಿಗಳು. ಹೊಸದಾಗಿ ಬಂದ ವಿದ್ಯಾರ್ಥಿಗೂ, ಹೆಸರುವಾಸಿ ಚಿತ್ರಕಾರನಿಗೂ ಮೇಜಿನ ಅಳತೆ ಅದೇ. ಬಹಳ ಜನ ಮುತ್ತುವ ಬಳಗಗಳಿಗೆ ಮಾತ್ರ ಸಭಾಂಗಣದ ಗೋಡೆಯ ಪಕ್ಕ ಜಾಗ ಕೊಡುತ್ತಾರೆ. ಅದು ಗೌರವದ ಸ್ಥಾನವೆಂದು ಅಭಿಮಾನಿಗಳು ಎಣಿಸುವುದುಂಟು. ಮೂಲ ಉದ್ದೇಶ ಸರತಿ ಸಾಲನ್ನು ಹೊರಗೆ ಸಾಗಿಸಿ ನಡುವಿನ ಓಡಾಟಕ್ಕೆ ತೊಡಕಾಗದಂತೆ ನೋಡಿಕೊಳ್ಳುವುದು.

ಸಂತೆಯ ನಿಯಮಗಳಲ್ಲಿ ವರ್ತಕರಿಗೆ ಅತ್ಯಂತ ಕುತೂಹಲಕರವಾದುದು, ಅಲ್ಲಿ ಗಿರಾಕಿ ಎಂಬ ವರ್ಗವೇ ಇಲ್ಲವೆನ್ನುವ ತತ್ತ್ವ. ಮಾರುವವರು, ಕೊಳ್ಳುವವರು, ವೇಷಧಾರಿಗಳು, ಸ್ವಯಂಸೇವಕರು ಎಲ್ಲರೂ ಸಮಾನವಾಗಿ 'ಭಾಗವಹಿಸುವವರು'. ಹಣ ಕೊಟ್ಟವನಿಗೆ ಹೆಚ್ಚಿನ ಹಕ್ಕಿಲ್ಲ. ಸರಕು ಇಟ್ಟವನಿಗೂ ಇಲ್ಲ. ಎಲ್ಲರೂ ಸರತಿಯಲ್ಲಿ ನಿಲ್ಲಬೇಕು, ಎಲ್ಲರೂ ಕಸ ಹೆಕ್ಕಬೇಕು. ಕೆಲಸದ ಬಹುಭಾಗವನ್ನು ನಿರ್ವಹಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಬೆಳಿಗ್ಗೆ ಸಂತೆ ಆರಂಭವಾಯಿತೆಂದು ಧ್ವನಿವರ್ಧಕದಲ್ಲಿ ಪ್ರಕಟಿಸಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ಸಂಜೆ ಮುಗಿಯಿತೆಂದು ಪ್ರಕಟಿಸಿದಾಗಲೂ ಅಷ್ಟೇ ಜೋರಾಗಿ ತಟ್ಟುತ್ತದೆ.

ಬೇರೆ ಕಟ್ಟುಪಾಡುಗಳೂ ಇವೆ. ಹಿಂದಿನ ರಾತ್ರಿಯೇ ಬಂದು ಬಾಗಿಲಲ್ಲಿ ಮಲಗುವಂತಿಲ್ಲ. ಮಾರಾಟಕ್ಕಿಡುವ ಪ್ರತಿಯೊಂದು ಹೊಸ ಪುಸ್ತಕದ ಒಂದು ಪ್ರತಿಯನ್ನು ಬೆಳಿಗ್ಗೆಯೇ ಸಂಘಟಕರಿಗೆ ಒಪ್ಪಿಸಬೇಕು. ಅದು ಪರಿಶೀಲನೆಗೂ ಆಯಿತು, ಸಂಗ್ರಹಕ್ಕೂ ಆಯಿತು. ಮೆಚ್ಚಿನ ಪಾತ್ರದ ವೇಷ ತೊಡುವುದಕ್ಕೆ 'ಕಾಸ್‌ಪ್ಲೇ' ಎನ್ನುತ್ತಾರೆ. ಈ ಪದವನ್ನು 1983ರಲ್ಲಿ ನೊಬುಯುಕಿ ತಕಾಹಾಶಿ ಎಂಬುವರು ಪತ್ರಿಕೆಯೊಂದರಲ್ಲಿ ಚಲಾವಣೆಗೆ ತಂದರು. ಕಾಮಿಕೆಟ್‌ನ ಸಂಪ್ರದಾಯದಂತೆ ವೇಷಧಾರಿಗಳು ಮನೆಯಿಂದಲೇ ವೇಷ ಹಾಕಿಕೊಂಡು ರೈಲಿನಲ್ಲಿ ಬರುವಂತಿಲ್ಲ. ನೋಂದಾಯಿಸಿಕೊಂಡು ಅಲ್ಲಿನ ಕೊಠಡಿಯಲ್ಲೇ ಬಟ್ಟೆ ಬದಲಿಸಬೇಕು. ಛಾಯಾಚಿತ್ರ ತೆಗೆಯುವವರು ಅನುಮತಿ ಕೇಳಿಯೇ ತೆಗೆಯಬೇಕು.

ಇಷ್ಟೊಂದು ಕಟ್ಟುನಿಟ್ಟಿಗೆ ಕಾರಣವಿದೆ. 1989ರಲ್ಲಿ ಟೋಕಿಯೊ ಸುತ್ತಮುತ್ತ ನಡೆದ ಘೋರ ಅಪರಾಧಗಳ ಆರೋಪಿಯು ಇಂಥ ಅಭಿಮಾನಿಗಳಲ್ಲೊಬ್ಬನೆಂದು ಪತ್ರಿಕೆಗಳು ಬರೆದಾಗ, ಮಾಂಗಾ, ಅನಿಮೆ ಮೆಚ್ಚುವ ಯುವಜನರೆಲ್ಲರ ಮೇಲೂ ಸಂಶಯದ ಕಣ್ಣು ಬಿದ್ದಿತು. ಕೆಲವು ಪುಸ್ತಕಗಳ ಅಶ್ಲೀಲತೆಯ ವಿವಾದದಿಂದಾಗಿ 1991ರಲ್ಲಿ ಮಕುಹಾರಿಯ ಪ್ರದರ್ಶನ ಕೇಂದ್ರವನ್ನು ಸಂತೆಯು ಕಳೆದುಕೊಂಡಿತು. ಸ್ಥಳ ಕೈತಪ್ಪಿದರೆ ಸಂತೆಯೇ ಇಲ್ಲ. ತಮ್ಮನ್ನು ತಾವೇ ಹದ್ದಿನಲ್ಲಿಟ್ಟುಕೊಳ್ಳದಿದ್ದರೆ ಹೊರಗಿನವರು ಬಂದು ಹದ್ದು ಹಾಕುತ್ತಾರೆಂಬ ಪಾಠವನ್ನು ಸಂಘಟಕರು ಅಂದು ಕಲಿತರು.

ಒಬ್ಬ ವಿದ್ಯಾರ್ಥಿನಿಯ ಮೊದಲ ದಿನ

ಈ ಸಂತೆಯಲ್ಲಿ ಮೊದಲ ಬಾರಿ ಮೇಜು ಹಿಡಿದ ಪ್ರೌಢಶಾಲಾ ವಿದ್ಯಾರ್ಥಿನಿಯೊಬ್ಬಳ ದಿನವನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಅವಳೂ ಅವಳ ಸಹಪಾಠಿಯೂ ಸೇರಿ ಇಪ್ಪತ್ತನಾಲ್ಕು ಪುಟಗಳ ಪುಸ್ತಕವೊಂದನ್ನು ರಚಿಸಿದ್ದಾರೆ. ಕೂಡಿಟ್ಟ ಕೈಗಾಸಿನಿಂದ 15,000 ಯೆನ್ ತೆತ್ತು 50 ಪ್ರತಿ ಅಚ್ಚು ಹಾಕಿಸಿದ್ದಾರೆ ಎಂದುಕೊಳ್ಳಿ. ಪ್ರತಿಯೊಂದಕ್ಕೆ ತಗುಲಿದ ಅಸಲು 300 ಯೆನ್. ಮಾರುವ ಬೆಲೆಯೂ ಅಷ್ಟೇ. ಲಾಭ ಇಟ್ಟುಕೊಳ್ಳಲು ಇಬ್ಬರಿಗೂ ಧೈರ್ಯ ಸಾಲಲಿಲ್ಲ.

ಬೆಳಗಿನ ಮೊದಲ ರೈಲಿಗೆ ಹೊರಟವರ ಚೀಲದಲ್ಲಿ ಮೇಜಿನ ಮೇಲೆ ಹಾಸುವ ಬಟ್ಟೆ, ಕೈಯಲ್ಲಿ ಬರೆದ ದರಪಟ್ಟಿ, ಚಿಲ್ಲರೆಗೆಂದು ನೂರು ಯೆನ್ ನಾಣ್ಯಗಳ ಡಬ್ಬಿ. ತಮ್ಮ ಮೇಜಿನ ಸಂಖ್ಯೆಯನ್ನು ಹುಡುಕಿ ತಲಪಿದಾಗ ಮೇಜಿನ ಕೆಳಗೆ ಮುದ್ರಣಾಲಯದಿಂದ ನೇರವಾಗಿ ಬಂದ ರಟ್ಟಿನ ಪೆಟ್ಟಿಗೆ ಕಾದಿದೆ. ಪೆಟ್ಟಿಗೆ ತೆರೆದಾಗ ಬರುವ ಹೊಸ ಕಾಗದ, ಶಾಯಿಗಳ ವಾಸನೆಯನ್ನು ನಮ್ಮ ಮುದ್ರಕ ಸದಸ್ಯರಿಗೆ ವಿವರಿಸಬೇಕಿಲ್ಲ. ಒಂದು ಪ್ರತಿಯನ್ನು ಸಂಘಟಕರಿಗೆ ಒಪ್ಪಿಸಿ, ಎಡಬಲದ ಮೇಜುಗಳವರಿಗೆ ವಂದಿಸಿ ಕುಳಿತದ್ದಾಯಿತು. ಚಪ್ಪಾಳೆಯೊಂದಿಗೆ ಸಂತೆ ತೆರೆಯಿತು.

ಮೊದಲ ಒಂದು ಗಂಟೆ ಯಾರೂ ಬರಲಿಲ್ಲವೆನ್ನಿ. ಜನಪ್ರವಾಹ ಗೋಡೆಯ ಪಕ್ಕದ ಪ್ರಸಿದ್ಧ ಬಳಗಗಳ ಕಡೆ ಹರಿಯುತ್ತಿದೆ. ಅನೇಕರು ನಿಂತು, ಪುಸ್ತಕವನ್ನು ಕೈಗೆತ್ತಿಕೊಂಡು, ಎರಡು ಪುಟ ತಿರುವಿ, ತಲೆಬಾಗಿ ಇಟ್ಟು ಹೋಗುತ್ತಾರೆ. ಅಂಗಡಿ ತೆರೆದ ಮೊದಲ ವಾರದಲ್ಲಿ ನಮ್ಮಲ್ಲಿ ಯಾರಿಗೆ ತಾನೇ ಇದು ಆಗಿಲ್ಲ? ಕೊನೆಗೆ ಒಬ್ಬರು ಪುಟ ತಿರುವಿ, ಇನ್ನೂ ಒಂದು ಪುಟ ತಿರುವಿ, ಒಂದು ಪ್ರತಿ ಕೊಡಿರೆಂದು ಮೂರು ನಾಣ್ಯಗಳನ್ನು ಮುಂದೆ ಇಡುತ್ತಾರೆ. ಬೋಣಿಯಾಯಿತು. ತಾನು ಒಂಟಿಯಾಗಿ ಕುಳಿತು ಬರೆದದ್ದನ್ನು ಪರಿಚಯವೇ ಇಲ್ಲದವರೊಬ್ಬರು ದುಡ್ಡು ಕೊಟ್ಟು ಕೊಂಡರೆಂಬ ಸಂಗತಿ ಆ ಹುಡುಗಿಯ ಮುಖದಲ್ಲಿ ಏನನ್ನು ಮೂಡಿಸಿತೆಂಬುದನ್ನು ಓದುಗರು ತಮ್ಮ ತಮ್ಮ ಮೊದಲ ಬೋಣಿಯನ್ನು ನೆನೆದು ಊಹಿಸಿಕೊಳ್ಳಬಹುದು.

ಸಂಜೆಗೆ 31 ಪ್ರತಿಗಳು ಮಾರಾಟವಾದವೆಂದರೆ ಬಂದ ಹಣ 9,300 ಯೆನ್. ಕೈಯಿಂದ ಹೋದದ್ದು 5,700 ಯೆನ್, ಮೇಜಿನ ಶುಲ್ಕ ಮತ್ತು ರೈಲಿನ ಖರ್ಚು ಬೇರೆ. ಇದು ಕಲ್ಪಿತ ಲೆಕ್ಕವಾದರೂ ಅಪವಾದವೇನಲ್ಲ. ಭಾಗವಹಿಸುವ ಬಳಗಗಳಲ್ಲಿ ಹೆಚ್ಚಿನವು ನಷ್ಟದಲ್ಲೇ ಮನೆಗೆ ಮರಳುತ್ತವೆಂದು ಸಂಘಟಕರ ಸಮೀಕ್ಷೆಗಳೂ ತೋರಿಸಿವೆ. ಹಾಗಿದ್ದೂ ಮುಂದಿನ ಬಾರಿ ಅವರೇ ಮತ್ತೆ ಅರ್ಜಿ ಹಾಕುತ್ತಾರೆ. ಉಳಿದ 18 ಪ್ರತಿಗಳನ್ನು ಪೆಟ್ಟಿಗೆಗೆ ತುಂಬುವಾಗ ಆ ವಿದ್ಯಾರ್ಥಿನಿಯರು ಬೆಲೆ ಕಟ್ಟುವುದು, ಎಷ್ಟು ಪ್ರತಿ ಹಾಕಿಸಬೇಕೆಂದು ಅಂದಾಜಿಸುವುದು, ಗಡುವಿಗೆ ಕೆಲಸ ಮುಗಿಸುವುದು, ಎದುರು ಬಂದವರೊಡನೆ ಮಾತನಾಡುವುದು ಇವಿಷ್ಟನ್ನೂ ಒಂದೇ ದಿನದಲ್ಲಿ ಕಲಿತಿರುತ್ತಾರೆ. ವ್ಯಾಪಾರಶಾಲೆಗಳಲ್ಲಿ ಈ ಪಾಠಕ್ಕೆ ತೆರುವ ಶುಲ್ಕ ಎಷ್ಟೆಂಬುದು ಸದಸ್ಯರಿಗೆ ತಿಳಿದಿದೆ.

ಕೆಲವರ ವಿಷಯದಲ್ಲಿ ಇದು ದೊಡ್ಡ ಉದ್ಯಮಕ್ಕೂ ಮೆಟ್ಟಿಲಾಗಿದೆ. ಪ್ರಸಿದ್ಧ ಚಿತ್ರಕಥೆಗಾರ್ತಿಯರ ತಂಡವಾದ 'ಕ್ಲ್ಯಾಂಪ್' ಆರಂಭದಲ್ಲಿ ಇಂಥದೇ ಒಂದು ಹವ್ಯಾಸಿ ಬಳಗವಾಗಿತ್ತು. 2000ದ ಡಿಸೆಂಬರ್ ಕಾಮಿಕೆಟ್‌ನಲ್ಲಿ 'ತ್ಸುಕಿಹಿಮೆ' ಎಂಬ ಗಣಕ ಕಥಾ ಆಟವನ್ನು ಮಾರಿದ 'ಟೈಪ್ ಮೂನ್' ಬಳಗವು ಮುಂದೆ ಕಂಪನಿಯಾಗಿ, 2004ರಲ್ಲಿ 'ಫೇಟ್ ಸ್ಟೇ ನೈಟ್' ಆಟವನ್ನು ಹೊರತಂದು ಜಗತ್ತಿನಾದ್ಯಂತ ಹೆಸರು ಗಳಿಸಿತು.

ಮುದ್ರಣಾಲಯಗಳ ಕಥೆ

ಸಂತೆಯಲ್ಲಿ ಬರೆದವರಿಗೆ ನಷ್ಟವಾದರೂ ಅವರ ಪುಸ್ತಕ ಅಚ್ಚು ಹಾಕುವವರಿಗೆ ಅದು ಬದುಕು. ಐವತ್ತು, ನೂರು ಪ್ರತಿಗಳ ಕೆಲಸವನ್ನು ದೊಡ್ಡ ಮುದ್ರಣಾಲಯಗಳು ಮುಟ್ಟುವುದಿಲ್ಲ. ಜಪಾನಿನ ಹಲವು ಸಣ್ಣ ಮುದ್ರಣಾಲಯಗಳು ಇದನ್ನೇ ತಮ್ಮ ವಿಶೇಷತೆಯನ್ನಾಗಿ ಮಾಡಿಕೊಂಡವು. ಅಲ್ಪ ಸಂಖ್ಯೆಯ ಪ್ರತಿಗಳಿಗೂ ಸ್ಪಷ್ಟವಾದ ಸಿದ್ಧ ದರಪಟ್ಟಿ. ಮುಂಚಿತವಾಗಿ ಹಸ್ತಪ್ರತಿ ಕೊಟ್ಟವರಿಗೆ ರಿಯಾಯಿತಿ, ತಡವಾಗಿ ಕೊಟ್ಟವರಿಗೆ ಹೆಚ್ಚುವರಿ ದರ. ಮುಖಪುಟಕ್ಕೆ ಬಗೆಬಗೆಯ ಕಾಗದ ಮತ್ತು ಮಿಂಚಿನ ಲೇಪ. ಎಲ್ಲಕ್ಕಿಂತ ಮುಖ್ಯವಾಗಿ, ಸಂತೆಯ ದಿನ ಬೆಳಿಗ್ಗೆ ಆಯಾ ಬಳಗದ ಮೇಜಿನ ಕೆಳಗೇ ಪೆಟ್ಟಿಗೆ ತಲಪಿಸುವ ವ್ಯವಸ್ಥೆ. ಗಿರಾಕಿಯ ಕಷ್ಟ ಕಾಗದಕ್ಕೆ ಕೊಡುವ ಹಣದಲ್ಲಷ್ಟೇ ಇಲ್ಲ, ಭಾರವನ್ನು ಹೊರುವುದರಲ್ಲೂ, ಕೊನೆಯ ಗಳಿಗೆಯ ಆತಂಕದಲ್ಲೂ ಇದೆ ಎಂದು ಈ ಮುದ್ರಕರು ಅರಿತುಕೊಂಡರು.

ಒಂದೇ ಸಂತೆಯನ್ನು ನಚ್ಚಿಕೊಂಡ ಉದ್ಯಮಕ್ಕೆ ಅದರದೇ ಆದ ಅಪಾಯವೂ ಉಂಟು. ಕೊರೊನಾ ಪಿಡುಗಿನಿಂದಾಗಿ 2020ರ ಮೇ ತಿಂಗಳಿಗೆ ಗೊತ್ತುಪಡಿಸಿದ್ದ ಕಾಮಿಕೆಟ್ ರದ್ದಾಯಿತು. ಮುಂದಿನದು ನಡೆದದ್ದು 2021ರ ಡಿಸೆಂಬರ್‌ನಲ್ಲಿ, ಅದೂ ಮಿತ ಸಂಖ್ಯೆಯ ಪ್ರವೇಶದೊಂದಿಗೆ. ದೇಶದ ಇತರ ಸಣ್ಣಪುಟ್ಟ ಸಂತೆಗಳೂ ನಿಂತುಹೋಗಿ, ಈ ಮುದ್ರಣಾಲಯಗಳ ಯಂತ್ರಗಳು ಕೆಲಸವಿಲ್ಲದೆ ನಿಂತವು. ಅಭಿಮಾನಿಗಳು ಅಂತರಜಾಲದ ಮೂಲಕವೇ ಸಂತೆ ನಡೆಸಿ ಪುಸ್ತಕಗಳನ್ನು ಅಚ್ಚು ಹಾಕಿಸಿ ಕೊಂಡದ್ದು ಆ ಕಷ್ಟಕಾಲದಲ್ಲಿ ಒಂದಷ್ಟು ಆಸರೆಯಾಯಿತು. ಕಾಮಿಕೆಟ್ ಮತ್ತೆ ಚೇತರಿಸಿಕೊಂಡು 2024ರ ಡಿಸೆಂಬರ್‌ನ ಎರಡು ದಿನಗಳಿಗೆ 3 ಲಕ್ಷ ಜನ ಬಂದರು.

ಕಾನೂನಿನ ಗೆರೆ

ದೋಜಿನ್‌ಶಿಗಳಲ್ಲಿ ಸ್ವಂತ ಕಥೆಗಳಿರುವಂತೆ, ಪ್ರಸಿದ್ಧ ಪಾತ್ರಗಳನ್ನು ಎರವಲು ಪಡೆದು ಹೊಸದಾಗಿ ಹೆಣೆದ ಕಥೆಗಳೂ ಹೇರಳವಾಗಿವೆ. ಮೂಲ ಕರ್ತೃವಿನ ಅನುಮತಿಯಿಲ್ಲದೆ ಇವನ್ನು ಮಾರುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು. ಜಪಾನಿನ ಕಾನೂನಿನಂತೆ ಇಂಥ ಉಲ್ಲಂಘನೆಯ ಬಗ್ಗೆ ಹಕ್ಕುದಾರನೇ ದೂರು ಕೊಟ್ಟಲ್ಲದೆ ಮೊಕದ್ದಮೆ ಹೂಡುವಂತಿರಲಿಲ್ಲ. 2018ರ ಡಿಸೆಂಬರ್ 30ರಿಂದ ಜಾರಿಗೆ ಬಂದ ತಿದ್ದುಪಡಿಯು ಮೂಲ ಕೃತಿಯನ್ನು ಇದ್ದಂತೆಯೇ ನಕಲು ಮಾಡಿ ಮಾರುವಂಥ ಪ್ರಕರಣಗಳಲ್ಲಿ ದೂರಿನ ಅಗತ್ಯವನ್ನು ತೆಗೆದುಹಾಕಿದರೂ, ಅಭಿಮಾನಿಗಳ ಹೊಸ ಹೆಣಿಗೆಗಳನ್ನು ಅದರಿಂದ ಹೊರಗಿಟ್ಟಿತು. ಅನೇಕ ಪ್ರಕಾಶಕರು ಕಂಡೂ ಕಾಣದಂತೆ ಇರುತ್ತಾರೆ. ಅಭಿಮಾನಿಗಳೇ ತಮ್ಮ ಅತ್ಯುತ್ತಮ ಗಿರಾಕಿಗಳೆಂಬುದೂ, ನಾಳಿನ ಚಿತ್ರಕಾರರು ಅವರ ನಡುವಿನಿಂದಲೇ ಬರುವರೆಂಬುದೂ ಅವರಿಗೆ ಗೊತ್ತಿದೆ.

ಆ ಸಹನೆಗೂ ಮಿತಿಯಿದೆ. 1999ರಲ್ಲಿ ಪೋಕೆಮಾನ್ ಪಾತ್ರಗಳನ್ನು ಅಶ್ಲೀಲವಾಗಿ ಚಿತ್ರಿಸಿ ಮಾರಿದ ಮಹಿಳೆಯೊಬ್ಬಳನ್ನು ಹಕ್ಕುದಾರರ ದೂರಿನ ಮೇಲೆ ಬಂಧಿಸಲಾಯಿತು. 'ಡೋರೆಮಾನ್' ಕಥೆಯ ಅಂತ್ಯವನ್ನು ಕಲ್ಪಿಸಿ 2005ರಲ್ಲಿ ಹೊರಬಂದ ದೋಜಿನ್‌ಶಿಯೊಂದರ ಸುಮಾರು 13,000 ಪ್ರತಿಗಳು ಮಾರಾಟವಾದಾಗ, ಹಕ್ಕುದಾರರು ಸುಮ್ಮನಿರಲಿಲ್ಲ. 2007ರಲ್ಲಿ ಲೇಖಕನು ಕ್ಷಮೆ ಕೋರಿ, ಗಳಿಕೆಯ ಒಂದು ಭಾಗವನ್ನು ಒಪ್ಪಿಸಿದನು. ಐವತ್ತು ಪ್ರತಿಗಳ ಹವ್ಯಾಸವನ್ನು ಸಹಿಸಿದವರು ಸಾವಿರಾರು ಪ್ರತಿಗಳ ವ್ಯಾಪಾರವನ್ನು ಸಹಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಇದಕ್ಕೊಂದು ಸೊಗಸಾದ ಪರಿಹಾರವನ್ನೂ ಜಪಾನೀಯರು ಕಂಡುಕೊಂಡಿದ್ದಾರೆ. ಮಕುಹಾರಿಯಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುವ 'ವಂಡರ್ ಫೆಸ್ಟಿವಲ್' ಎಂಬುದು ಕೈಯಿಂದ ಅಚ್ಚು ಹೊಯ್ದ ಬೊಂಬೆ, ಮಾದರಿಗಳ ಸಂತೆ. ಪ್ರಸಿದ್ಧ ಪಾತ್ರಗಳ ಬೊಂಬೆ ಮಾಡುವ ಹವ್ಯಾಸಿಗಳಿಗೆ, ಸಂತೆಯ ಸಂಘಟಕರ ಮೂಲಕ, ಆ ಒಂದು ದಿನದ ಮಾರಾಟಕ್ಕೆ ಮಾತ್ರ ಹಕ್ಕುದಾರರಿಂದ ಪರವಾನಗಿ ದೊರಕುತ್ತದೆ. ಮರುದಿನ ಅದೇ ಬೊಂಬೆಯನ್ನು ಮಾರುವಂತಿಲ್ಲ. ಕಡಿಮೆ ಖರ್ಚಿನಲ್ಲಿ ಹಕ್ಕುದಾರನ ಮಾನವೂ ಉಳಿಯಿತು, ಕುಶಲಕರ್ಮಿಯ ಕೈಗೂ ಕೆಲಸ ಸಿಕ್ಕಿತು.

ನಮ್ಮ ಪೇಟೆಗೆ ಬಂದ ಬಗೆ

ಜಪಾನಿನ ಹೊರಗೆ ಈ ಕೂಟಗಳು ಮೊದಲು ನೆಲೆಯೂರಿದ್ದು ಅಮೆರಿಕದಲ್ಲಿ. ಡಲ್ಲಾಸ್ ನಗರದಲ್ಲಿ 1990ರಿಂದ 'ಪ್ರಾಜೆಕ್ಟ್ ಎ ಕಾನ್', ಕ್ಯಾಲಿಫೋರ್ನಿಯದಲ್ಲಿ 1992ರಿಂದ 'ಅನಿಮೆ ಎಕ್ಸ್‌ಪೋ' ಆರಂಭವಾದವು. ನಮ್ಮ ದೇಶದಲ್ಲಿ ಕಾಮಿಕ್ ಕಾನ್ ಇಂಡಿಯಾದ ಮೊದಲ ಸಮ್ಮೇಳನ 2011ರ ಫೆಬ್ರವರಿಯಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ನಡೆಯಿತು. 2012ರಲ್ಲಿ ಅದು ಬೆಂಗಳೂರಿಗೂ ಬಂದಿತು. ಆ ಸಂಸ್ಥೆಯನ್ನು ನಾಡ್ವಿನ್ ಗೇಮಿಂಗ್ ಕಂಪನಿಯು 55 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡದ್ದು, ಇದು ಕೇವಲ ಮಕ್ಕಳಾಟವಲ್ಲವೆಂಬುದಕ್ಕೆ ಸಾಕ್ಷಿ. ಬೆಂಗಳೂರಿನ ಸಮ್ಮೇಳನದಲ್ಲಿ ಅನಿಮೆ ಪಾತ್ರಗಳ ವೇಷ ತೊಟ್ಟ ವಿದ್ಯಾರ್ಥಿಗಳು, ಅವರ ಹಿಂದೆ ನೀರಿನ ಬಾಟಲಿ ಹಿಡಿದು ನಡೆಯುವ ತಂದೆತಾಯಿಗಳು ಈಗ ಸಾಮಾನ್ಯ ದೃಶ್ಯ.

ಚಲನಚಿತ್ರ ವಿತರಕರಿಗೂ ಅಭಿಮಾನಿಗಳ ಬಲ ಮನವರಿಕೆಯಾಗಿದೆ. ಮಕೋತೊ ಶಿಂಕಾಯ್ ಅವರ 'ವೆದರಿಂಗ್ ವಿತ್ ಯು' ಚಿತ್ರವನ್ನು ಭಾರತದಲ್ಲಿ ಬಿಡುಗಡೆ ಮಾಡಬೇಕೆಂದು ಐವತ್ತು ಸಾವಿರಕ್ಕೂ ಹೆಚ್ಚು ಜನ ಅಂತರಜಾಲದ ಮನವಿಗೆ ಸಹಿ ಹಾಕಿದರು. 2019ರ ಅಕ್ಟೋಬರ್‌ನಲ್ಲಿ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದಿತು. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್' ಸರಣಿಯ ಚಿತ್ರ ಜಪಾನೀ ಭಾಷೆಯಲ್ಲಲ್ಲದೆ ಹಿಂದಿ, ತಮಿಳು, ತೆಲುಗುಗಳಲ್ಲೂ ಬಿಡುಗಡೆಯಾಯಿತು. ಯುಗೊ ಸಾಕೊ, ರಾಮ್ ಮೋಹನ್ ಮೊದಲಾದವರು 1992ರಲ್ಲಿ ಪೂರೈಸಿದ ಭಾರತ ಜಪಾನ್ ಸಹಯೋಗದ ರಾಮಾಯಣ ಅನಿಮೆ ಚಿತ್ರವೂ 2025ರ ಜನವರಿಯಲ್ಲಿ ಮತ್ತೆ ತೆರೆ ಕಂಡಿತು.

ಬೇಡಿಕೆ ಇದ್ದಲ್ಲಿ ಪೂರೈಕೆದಾರರೂ ಹುಟ್ಟುವರು. ಪೇಟೆಯಲ್ಲಿ ಇಂದು ದೊರಕುವ ಅನಿಮೆ ಚಿತ್ರಗಳ ಟೀ ಶರ್ಟು, ಮೊಬೈಲ್ ಕವಚ, ಕೀಲಿ ಗೊಂಚಲುಗಳಲ್ಲಿ ಪರವಾನಗಿ ಇಲ್ಲದವು ಕಡಿಮೆಯೇನಲ್ಲ. ಇಲ್ಲಿ ಸದಸ್ಯರು ಎಚ್ಚರ ವಹಿಸಬೇಕು. ಜಪಾನಿನ ಹವ್ಯಾಸಿಗಳಿಗಿರುವ ಆಸರೆ ನಮ್ಮ ಕಾನೂನಿನಲ್ಲಿ ಇಲ್ಲ. 1957ರ ಹಕ್ಕುಸ್ವಾಮ್ಯ ಅಧಿನಿಯಮದ 63ನೆಯ ಪ್ರಕರಣದಂತೆ, ತಿಳಿದೂ ಉಲ್ಲಂಘನೆ ಮಾಡಿದವರಿಗೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದಲ್ಲಿ ಮಾತ್ರ ಕನಿಷ್ಠ ಶಿಕ್ಷೆಯನ್ನು ಇಳಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಈ ಅಪರಾಧವು ವಾರಂಟಿಲ್ಲದೆ ಬಂಧಿಸಬಹುದಾದ ಮತ್ತು ಜಾಮೀನುರಹಿತವಾದ ಅಪರಾಧವೆಂದು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದೆ. ಗಿರಾಕಿ ತಂದುಕೊಟ್ಟ ಚಿತ್ರವನ್ನು ನಾನು ಅಚ್ಚು ಹಾಕಿಕೊಟ್ಟೆ, ಅಷ್ಟೇ ಎಂಬ ಮಾತು ಮುದ್ರಕನನ್ನು ಕಾಪಾಡೀತೆಂದು ನಂಬಿ ಕೂರುವುದು ವಿವೇಕವಲ್ಲ.

ಸದಸ್ಯರ ಪರಿಶೀಲನೆಗೆ

ಹಾಗಾದರೆ ಸಣ್ಣ ಉದ್ದಿಮೆದಾರನಿಗೆ ಇಲ್ಲಿ ದಾರಿಯೇ ಇಲ್ಲವೇ? ಖಂಡಿತ ಇದೆ. ಹಕ್ಕುದಾರರಿಂದ ಅಥವಾ ಅವರ ಪ್ರತಿನಿಧಿಗಳಿಂದ ಪರವಾನಗಿ ಪಡೆದು, ನಿಗದಿತ ರಾಜಧನ ತೆತ್ತು ಉತ್ಪಾದಿಸುವುದು ಒಂದು ದಾರಿ. ಕನಿಷ್ಠ ಖಾತರಿ ಮೊತ್ತವನ್ನು ಒಬ್ಬರೇ ಭರಿಸುವುದು ಕಷ್ಟವಾದಲ್ಲಿ, ಹಲವರು ಒಗ್ಗೂಡಿ ಮಾತುಕತೆ ನಡೆಸಲು ನಮ್ಮಂಥ ಸಂಸ್ಥೆಗಳು ವೇದಿಕೆಯಾಗಬಹುದು. ಪರವಾನಗಿಯ ಗೊಡವೆಯೇ ಇಲ್ಲದ ಸರಕುಗಳು ಇನ್ನೊಂದು ದಾರಿ: ವೇಷಗಳಿಗೆ ಬೇಕಾದ ಬಟ್ಟೆ, ಹೊಲಿಗೆ, ಕೃತಕ ಕೂದಲು, ಹಗುರವಾದ ಫೋಮು ಹಲಗೆ, ಅಂಟು, ಬಣ್ಣ, ಪ್ರದರ್ಶನದ ಗಾಜಿನ ಪೆಟ್ಟಿಗೆ, ಸಾಗಣೆಯ ರಟ್ಟು. ಮೂರನೆಯದು, ಮತ್ತು ದೀರ್ಘಕಾಲದಲ್ಲಿ ಅತ್ಯಂತ ಫಲಪ್ರದವಾದುದು, ಸ್ವಂತ ಪಾತ್ರಗಳನ್ನು ಸೃಷ್ಟಿಸುವ ನಮ್ಮ ನಾಡಿನ ಯುವ ಚಿತ್ರಕಾರರ ಐವತ್ತು ನೂರು ಪ್ರತಿಗಳ ಕೆಲಸವನ್ನು ಅಸಡ್ಡೆ ಮಾಡದೆ ಕೈಗೆತ್ತಿಕೊಳ್ಳುವುದು.

ಬೆಂಗಳೂರಿನ ಸಮ್ಮೇಳನದಲ್ಲಿ ಸ್ವಂತ ಚಿತ್ರಗಳ ಸ್ಟಿಕ್ಕರು, ಪುಸ್ತಕಗಳನ್ನಿಟ್ಟು ಮಾರುವ ಯುವಕ ಯುವತಿಯರಿದ್ದಾರೆ. ಮುಂದಿನ ವರ್ಷ ಅಲ್ಲಿ ಮೇಜು ಹಾಕುವ ಕನಸಿನಿಂದ ವಿದ್ಯಾರ್ಥಿನಿಯೊಬ್ಬಳು ನಮ್ಮಲ್ಲಿ ಯಾರದೋ ಮುದ್ರಣಾಲಯದ ಬಾಗಿಲಿಗೆ ಬಂದು, ಐವತ್ತು ಪ್ರತಿ ಹಾಕಿಕೊಡುವಿರಾ ಎಂದು ಕೇಳಬಹುದು. ಕಾಗದದ ಲೆಕ್ಕ ಹಾಕಿ ಇದು ಗಿಟ್ಟುವುದಿಲ್ಲವೆಂದು ಅವಳನ್ನು ಹಿಂದಕ್ಕೆ ಕಳುಹಿಸುವ ಮುನ್ನ, ಜಪಾನಿನ ಸಣ್ಣ ಮುದ್ರಕರು ಆ ಐವತ್ತು ಪ್ರತಿಗಳ ಗಿರಾಕಿಗಳಿಂದಲೇ ಉದ್ಯಮ ಕಟ್ಟಿದರೆಂಬುದನ್ನು ಸದಸ್ಯ ಬಾಂಧವರು ಪರಿಗಣಿಸುವರೆಂದು ಆಶಿಸೋಣ.